ಬೋರ್ ಹಾಕದ ಕಲ್ಲಿಗೆ ಗ್ರೇಡ್ ಹೇಳುವುದು ಹೇಗೆ?

ಪ್ರಶ್ನೆ: ನಾನು ಸಂಡೂರಿನ ಕಡೆ ಕಬ್ಬಿಣದ ಅದಿರಿನ ಗಣಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಬೋರ್ ಹಾಕಿ, ಕೋರ್ ತೆಗೆದು, ಪುಡಿ ಮಾಡಿ ಪರೀಕ್ಷೆ ಮಾಡಿದರೂ ಎಷ್ಟೋ ಸಲ ಅಂದಾಜು ತಪ್ಪುತ್ತದೆ. ಹಾಗಿರುವಾಗ ಕೋಟಿಗಟ್ಟಲೆ ಕಿಲೋಮೀಟರ್ ದೂರದ ಕ್ಷುದ್ರಗ್ರಹದಲ್ಲೋ ಧೂಮಕೇತುವಿನಲ್ಲೋ ಏನಿದೆ ಅಂತ ಹೇಗೆ ಹೇಳುತ್ತಾರೆ? ಸೈಕಿ ಅನ್ನುವ ಕ್ಷುದ್ರಗ್ರಹದಲ್ಲಿ ಭೂಮಿಯ ಮೇಲಿರುವ ಎಲ್ಲರನ್ನೂ ಕೋಟ್ಯಧಿಪತಿ ಮಾಡುವಷ್ಟು ಲೋಹ ಇದೆಯಂತೆ. ನಂಬಬಹುದಾ? ನನ್ನಂಥವರ ಕೆಲಸಕ್ಕೆ ಅಲ್ಲಿ ಜಾಗ ಇದೆಯಾ?

ಉತ್ತರ: ನಿಮಗೆ ಅನುಮಾನ ಬಂದದ್ದು ಸರಿಯಾದ ಜಾಗದಲ್ಲೇ. ಗುಡ್ಡದ ಮೇಲೆ ನಿಂತು, ಕಲ್ಲಿನ ಬಣ್ಣ ನೋಡಿ, ಕೈಯಲ್ಲಿ ತೂಗಿ "ಇದರಲ್ಲಿ ಕಬ್ಬಿಣ ಶೇ 62 ಇರಬೇಕು" ಎಂದು ನಿಮ್ಮಲ್ಲಿನ ಅನುಭವಿಗಳು ಹೇಳಬಲ್ಲರು. ಆ ಮಾತಿಗೆ ಬೆಲೆ ಇದೆ. ಆದರೆ ಆ ಮಾತಿನ ಮೇಲೆ ಯಾರೂ ಲಾರಿ ತುಂಬಿ ಕಳಿಸುವುದಿಲ್ಲ, ಅಲ್ವಾ? ಕ್ಷುದ್ರಗ್ರಹಗಳ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಮಟ್ಟದ್ದು. ಅದು ಸುಳ್ಳಲ್ಲ, ಆದರೆ ಗ್ರೇಡೂ ಅಲ್ಲ.

ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ ಇದೆ. ಮೊದಲು ದೂರದಿಂದ ಅಂದಾಜು ಮಾಡಿ, ಆಮೇಲೆ ಹತ್ತಿರ ಹೋಗಿ ಅಥವಾ ಕೈಯಲ್ಲೇ ಹಿಡಿದು ನೋಡಿದ ಕೆಲವು ಕಲ್ಲುಗಳಿವೆ. ಎಲ್ಲಿ ಅಂದಾಜು ನಿಂತಿತು, ಎಲ್ಲಿ ಜಾರಿತು ಎಂದು ಅವು ತೋರಿಸಿವೆ. ನಾನು ಹೇಳುವುದೆಲ್ಲ ಅವುಗಳ ಕಥೆಯೇ.

ಬೆಳಕಿನಿಂದ ಶುರು ಮಾಡೋಣ. ಕ್ಷುದ್ರಗ್ರಹಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದು ವಾಪಸ್ ಬರುವ ಬಿಸಿಲನ್ನು ಟೆಲಿಸ್ಕೋಪಿನಲ್ಲಿ ಹಿಡಿದು, ಬಣ್ಣ ಬಣ್ಣವಾಗಿ ಬಿಡಿಸಿ ನೋಡುತ್ತೇವೆ. ಇದೇ ರೋಹಿತ. ಒಂದೊಂದು ಖನಿಜ ಒಂದೊಂದು ಕಡೆ ಬೆಳಕನ್ನು ನುಂಗುತ್ತದೆ. ಗ್ರಾಫಿನಲ್ಲಿ ಅಲ್ಲಿ ಒಂದು ತಗ್ಗು ಕಾಣುತ್ತದೆ. ಆಲಿವೀನ್, ಪೈರಾಕ್ಸೀನ್ ಎರಡೂ 1 ಮೈಕ್ರಾನ್ (ಬೆಳಕಿನ ಅಲೆಯುದ್ದದ ಅಳತೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹತ್ತಿರ ತಗ್ಗು ಮಾಡುತ್ತವೆ. ಪೈರಾಕ್ಸೀನ್ 2 ಮೈಕ್ರಾನ್ ಹತ್ತಿರ ಇನ್ನೊಂದು ತಗ್ಗು ಮಾಡುತ್ತದೆ. ಎರಡು ತಗ್ಗುಗಳನ್ನು ಹೋಲಿಸಿದರೆ ಯಾವುದು ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ. 1970ರಲ್ಲಿ ಥಾಮಸ್ ಮೆಕಾರ್ಡ್ ಮತ್ತು ಸಂಗಡಿಗರು ವೆಸ್ಟಾ ಎಂಬ ದೊಡ್ಡ ಕ್ಷುದ್ರಗ್ರಹದ ಬೆಳಕನ್ನು ಹೀಗೆ ಬಿಡಿಸಿದರು. ಅದು ನಮ್ಮಲ್ಲಿ ಬಿದ್ದಿದ್ದ ಒಂದು ಜಾತಿಯ ಬಸಾಲ್ಟ್ ಉಲ್ಕಾಶಿಲೆಗೆ ಸರಿಯಾಗಿ ಹೊಂದಿತು. ನಲವತ್ತು ವರ್ಷದ ಮೇಲೆ, 2011ರಲ್ಲಿ, ಡಾನ್ ನೌಕೆ ವೆಸ್ಟಾ ಸುತ್ತಿದಾಗಲೂ ಆ ಮಾತು ನಿಂತಿತು. ಬೆಳಕು ಹೀಗೆ ಗೆದ್ದ ಸಂದರ್ಭಗಳಿವೆ.

ಇದರ ಜೊತೆಗೆ ಕಲ್ಲು ಎಷ್ಟು ಕಪ್ಪು ಎಂಬುದನ್ನೂ ಅಳೆಯುತ್ತೇವೆ. ಬಿದ್ದ ಬೆಳಕಿನಲ್ಲಿ ಶೇ 4-5ರಷ್ಟನ್ನು ಮಾತ್ರ ವಾಪಸ್ ಕಳಿಸುವ, ಇದ್ದಿಲಿನಂಥ ಕಲ್ಲುಗಳನ್ನು ಸಾಮಾನ್ಯವಾಗಿ ಸಿ ಗುಂಪಿಗೆ ಸೇರಿಸುತ್ತಾರೆ. ಇವು ಇಂಗಾಲ, ಜೇಡಿಮಣ್ಣಿನಂಥ ಖನಿಜ ಇರುವಂಥವು. ಅದಕ್ಕಿಂತ ಬೆಳ್ಳಗೆ, ಆಲಿವೀನ್ ಮತ್ತು ಪೈರಾಕ್ಸೀನ್ ತೋರಿಸುವವು ಎಸ್ ಗುಂಪು. ಲೋಹ ಇರಬಹುದು ಎನ್ನುವವು ಎಂ ಗುಂಪು.

"ಇರಬಹುದು" ಎಂದೆ. ನಿಮ್ಮ ಸೈಕಿ ಪ್ರಶ್ನೆಗೆ ಉತ್ತರ ಆ ಪದದಲ್ಲೇ ಇದೆ.

ಕಬ್ಬಿಣ ಮತ್ತು ನಿಕಲ್‌ ಲೋಹದ ರೋಹಿತದಲ್ಲಿ ತಗ್ಗೇ ಇಲ್ಲ. ಅದು ಸುಮ್ನೆ ನಿಧಾನವಾಗಿ ಏರುತ್ತಾ ಹೋಗುವ ಗೆರೆ, ಯಾವ ಗುರುತೂ ಇಲ್ಲ. ಗುರುತಿಲ್ಲದ ಗೆರೆ ಬೇರೆ ಕೆಲವು ಕಲ್ಲುಗಳಲ್ಲೂ ಬರುತ್ತದೆ. ಅಂದರೆ ಎಂ ಎನ್ನುವುದು "ಲೋಹ ಕಂಡಿತು" ಎಂಬ ಸರ್ಟಿಫಿಕೇಟ್ ಅಲ್ಲ. "ಬೇರೆ ಏನೂ ಕಾಣಲಿಲ್ಲ, ಹೊಳಪು ಮಧ್ಯಮ" ಎಂಬ ಟಿಪ್ಪಣಿ ಮಾತ್ರ. ಲುಟೀಷಿಯಾ ಎಂಬ ಕ್ಷುದ್ರಗ್ರಹವನ್ನೂ ಬಹಳ ಕಾಲ ಎಂ ಪಟ್ಟಿಯಲ್ಲಿ ಇಟ್ಟಿದ್ದರು. 2010ರ ಜುಲೈ 10ರಂದು ರೊಸೆಟ್ಟಾ ನೌಕೆ ಅದರ ಪಕ್ಕದಲ್ಲಿ ಹಾದು ಅದರ ತೂಕ ಅಳೆಯಿತು. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.4 ಗ್ರಾಂ. ಕಬ್ಬಿಣದ ಉಲ್ಕಾಶಿಲೆ 7.8ರ ಹತ್ತಿರ ಇರುತ್ತದೆ. ಲುಟೀಷಿಯಾ ಲೋಹದ ಗಟ್ಟಿಯಲ್ಲ ಎಂದು ಅಲ್ಲಿಗೆ ಗೊತ್ತಾಯಿತು.

ಈಗ ಸೈಕಿ. 1852ರಲ್ಲಿ ನೇಪಲ್ಸ್‌ನಲ್ಲಿ ಅನಿಬಾಲೆ ದೆ ಗಾಸ್ಪಾರಿಸ್ ಕಂಡುಹಿಡಿದದ್ದು. ಅಗಲ ಸುಮಾರು 220 ಕಿಲೋಮೀಟರ್. ಇದರ ಮೇಲೆ ರಾಡಾರ್ ಅಲೆ ಬಿಟ್ಟಾಗ ಪ್ರತಿಧ್ವನಿ ಜೋರಾಗಿ ಬಂತು. ಲೋಹ ಇದ್ದರೆ ಹಾಗೆ ಬರುತ್ತದೆ. ಯಾವುದೋ ಮರಿ ಗ್ರಹ ಒಡೆದು, ಅದರ ಕಬ್ಬಿಣದ ಗರ್ಭ ಮಾತ್ರ ಉಳಿದಿದೆ ಎಂಬ ಊಹೆ ಬಲವಾಯಿತು. ಒಂದರ ಮುಂದೆ 19 ಸೊನ್ನೆ ಹಾಕಿದಷ್ಟು ಡಾಲರ್ ಎಂಬ ಲೆಕ್ಕ ಬಂದದ್ದು ಆಗಲೇ. ಇಡೀ ಗುಡ್ಡವನ್ನು ಲೋಹ ಎಂದುಕೊಂಡು ಪೇಟೆ ಬೆಲೆಯಿಂದ ಗುಣಿಸಿದ ಲೆಕ್ಕ ಅದು. ಆಮೇಲೆ ತೂಕದ ಅಂದಾಜು ಸುಧಾರಿಸಿತು. ಸಾಂದ್ರತೆ ಸುಮಾರು 4ಕ್ಕೆ ಬಂದು ನಿಂತಿತು. ಬೆಳಕಿನಲ್ಲಿ ಪೈರಾಕ್ಸೀನಿನ ಸಣ್ಣ ತಗ್ಗೂ ಕಂಡಿತು. 3 ಮೈಕ್ರಾನ್ ಹತ್ತಿರ ನೀರಂಶದ ಗುರುತೂ ಕಂಡಿತು. ಈಗ ಹೆಚ್ಚಿನವರು ಒಪ್ಪುವ ಅಂದಾಜಿನಲ್ಲಿ ಸೈಕಿಯ ಗಾತ್ರದಲ್ಲಿ ಲೋಹದ ಪಾಲು ಶೇ 30ರಿಂದ 60. ಗಮನಿಸಿ, ಎರಡು ತುದಿಗಳ ನಡುವೆ ಎರಡು ಪಟ್ಟು ಅಂತರ ಇದೆ. ನಿಮ್ಮ ಲ್ಯಾಬಿನಿಂದ ಯಾರಾದರೂ "ಶೇ 30ರಿಂದ 60" ಎಂದು ರಿಪೋರ್ಟ್ ಕೊಟ್ಟರೆ ಮ್ಯಾನೇಜರ್ ಏನನ್ನುತ್ತಾರೆ ಎಂದು ನಿಮಗೇ ಗೊತ್ತು.

2023ರ ಅಕ್ಟೋಬರಿನಲ್ಲಿ ಹೊರಟ ಸೈಕಿ ನೌಕೆ 2029ರಲ್ಲಿ ಅಲ್ಲಿ ತಲುಪಬೇಕು. ಅದರಲ್ಲಿ ಗಾಮಾ ಕಿರಣ ಮತ್ತು ನ್ಯೂಟ್ರಾನ್ ಅಳೆಯುವ ಉಪಕರಣ ಇದೆ. ಎಕ್ಸ್-ಕಿರಣ ಬಿಟ್ಟು ಪುಡಿಯಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಎಕ್ಸ್‌ಆರ್‌ಎಫ್ ನಿಮಗೆ ಗೊತ್ತಿರುತ್ತದೆ. ಇದು ಅದರ ದೂರದ ನೆಂಟ ಎಂದುಕೊಳ್ಳಿ. ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ನೆಲಕ್ಕೆ ಬಡಿದಾಗ ಅಲ್ಲಿನ ಪರಮಾಣುಗಳು ಗಾಮಾ ಕಿರಣ ಹೊರಡಿಸುತ್ತವೆ. ಕಬ್ಬಿಣದ್ದು ಒಂದು ಶಕ್ತಿ, ನಿಕಲ್‌ದು ಇನ್ನೊಂದು, ಸಿಲಿಕಾನ್‌ದು ಮತ್ತೊಂದು. ಇದು ಖನಿಜ ಅಲ್ಲ, ನೇರ ಧಾತುವನ್ನೇ ಎಣಿಸುತ್ತದೆ. ಬೆಳಕು ಮಿಲಿಮೀಟರಿಗಿಂತ ತೆಳುವಾದ ಸಿಪ್ಪೆ ನೋಡಿದರೆ, ಇದು ಮೇಲಿನ ಅರ್ಧ ಮೀಟರ್, ಹೆಚ್ಚೆಂದರೆ ಒಂದು ಮೀಟರಿನ ತನಕ ತಿಳಿಸುತ್ತದೆ. 220 ಕಿಲೋಮೀಟರಿನ ಗುಡ್ಡದಲ್ಲಿ ಒಂದು ಮೀಟರ್. ಆದರೂ ನಾನು ಆ ದಿನಕ್ಕೆ ಕಾಯುತ್ತಿದ್ದೇನೆ.

ತೂಕದ ವಿಷಯ ಬಂತಲ್ಲ, ಅಲ್ಲೊಂದು ನನಗೆ ತುಂಬಾ ಇಷ್ಟವಾದ ಸಂಗತಿ ಇದೆ. ನೌಕೆ ಹೋಗದೆ ಕ್ಷುದ್ರಗ್ರಹವನ್ನು ತೂಗುವುದು ಹೇಗೆ? ಅದಕ್ಕೆ ಪುಟ್ಟ ಉಪಗ್ರಹ ಇದ್ದರೆ, ಅದು ಸುತ್ತುವ ವೇಗದಿಂದ ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಬಿಸಿಲನ್ನೇ ತಕ್ಕಡಿ ಮಾಡಿಕೊಳ್ಳಬಹುದು. ತಿರುಗುವ ಕಲ್ಲು ಹಗಲಲ್ಲಿ ಕಾದು, ಸಂಜೆ ಕಡೆಗೆ ಆ ಬಿಸಿಯನ್ನು ಹೊರಗೆ ಬಿಡುತ್ತದೆ. ಹೊರಹೋಗುವ ಬಿಸಿ ಕಲ್ಲನ್ನು ತೀರಾ ಮೆಲ್ಲಗೆ ಎದುರು ದಿಕ್ಕಿಗೆ ತಳ್ಳುತ್ತದೆ. ಯಾರ್ಕೋವ್‌ಸ್ಕಿ ಪರಿಣಾಮ ಎನ್ನುತ್ತಾರೆ. ಬೆನ್ನು ಎಂಬ ಕ್ಷುದ್ರಗ್ರಹದ ಕಕ್ಷೆ ಇದರಿಂದ ವರ್ಷಕ್ಕೆ ಸುಮಾರು 284 ಮೀಟರ್ ಸರಿಯುತ್ತದೆ. ರಾಡಾರ್ ಇಟ್ಟು ವರ್ಷಗಟ್ಟಲೆ ನೋಡಿ ಈ ಸರಿತವನ್ನು ಅಳೆದರು. ಹಗುರ ಕಲ್ಲು ಜಾಸ್ತಿ ಸರಿಯುತ್ತದೆ, ಭಾರದ್ದು ಕಡಿಮೆ. ಹಾಗೆ ಲೆಕ್ಕ ಹಾಕಿ ಬೆನ್ನುವಿನ ಸಾಂದ್ರತೆ 1.26 ಎಂದು 2014ರಲ್ಲೇ ಹೇಳಿದ್ದರು. ಒಸೈರಿಸ್-ರೆಕ್ಸ್ ನೌಕೆ ಅಲ್ಲಿ ಹೋಗಿ ಅಳೆದಾಗ ಬಂದದ್ದು 1.19. ಭೂಮಿಯಲ್ಲೇ ಕೂತು ಇಷ್ಟು ಹತ್ತಿರ ಹೋದರು.

ಆದರೆ ಸಾಂದ್ರತೆ ಒಂದೇ ಸಾಲದು. ಬೆನ್ನುವಿನಂಥ ಕಲ್ಲಿನ ಕಣಗಳು ಘನ ಸೆಂಟಿಮೀಟರಿಗೆ 2 ಗ್ರಾಂಗಿಂತ ಜಾಸ್ತಿ ತೂಗುತ್ತವೆ. ಒಟ್ಟು ಗುಡ್ಡ 1.19 ಎಂದರೆ ಅದರಲ್ಲಿ ಅರ್ಧದ ಹತ್ತಿರ ಬರೀ ಟೊಳ್ಳು. ಜಲ್ಲಿ ರಾಶಿಯ ಹಾಗೆ. ಸೈಕಿಗೂ ಇದೇ ತೊಡಕು. 4 ಎಂಬ ಸಾಂದ್ರತೆ ಅರ್ಧ ಟೊಳ್ಳಿರುವ ಕಬ್ಬಿಣವೂ ಆಗಬಹುದು, ಟೊಳ್ಳು ಕಡಿಮೆ ಇರುವ ಲೋಹ-ಕಲ್ಲಿನ ಮಿಶ್ರಣವೂ ಆಗಬಹುದು. ಒಂದೇ ತೂಕಕ್ಕೆ ಎರಡು ಕಥೆ. ಅದಕ್ಕೇ ಬೆಳಕು, ರಾಡಾರ್, ತೂಕ, ಬಿಸಿ, ಈ ನಾಲ್ಕೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಮಾತು ಹೇಳುವ ತನಕ ನಾನು ಯಾವ ಅಂದಾಜನ್ನೂ ಪೂರ್ತಿ ಒಪ್ಪುವುದಿಲ್ಲ.

ಬಿಸಿಯ ಮಾತು ಬೆನ್ನುವಿನಲ್ಲಿ ದಾರಿ ತಪ್ಪಿಸಿತು. ಅದರ ಮೈ ಎಷ್ಟು ಬೇಗ ಕಾದು ತಣ್ಣಗಾಗುತ್ತದೆ ಎಂದು ನೋಡಿ, ಮೇಲೆಲ್ಲ ಸಣ್ಣ ಜಲ್ಲಿ ಹಾಸಿದಂತಿರಬೇಕು ಎಂದುಕೊಂಡಿದ್ದರು. 2018ರಲ್ಲಿ ಹತ್ತಿರ ಹೋದರೆ ಎಲ್ಲಿ ನೋಡಿದರೂ ಬಂಡೆ. ಆ ಬಂಡೆಗಳೇ ಒಳಗೆ ಸಣ್ಣ ಸಣ್ಣ ತೂತು ತುಂಬಿದವು, ಅದಕ್ಕೇ ಜಲ್ಲಿಯ ಹಾಗೆ ಬೇಗ ಕಾಯುತ್ತಿದ್ದವು. 2020ರ ಅಕ್ಟೋಬರ್ 20ರಂದು ಮಾದರಿ ತೆಗೆಯಲು ಕೈ ಚಾಚಿದಾಗ ಇನ್ನೊಂದು ಅಚ್ಚರಿ. ನೆಲ ಎದುರೊತ್ತಲೇ ಇಲ್ಲ. ಉಪಕರಣ ಅರ್ಧ ಮೀಟರಿನಷ್ಟು ಒಳಗೆ ಹೋಯಿತು. ಗಣಿ ಮಾಡುವವರಿಗೆ ಇದು ಗ್ರೇಡಿನಷ್ಟೇ ಮುಖ್ಯ. ಊರಲು ಗಟ್ಟಿ ನೆಲವೇ ಇಲ್ಲದ ಕಡೆ ಯಂತ್ರ ಹೇಗೆ ನಿಲ್ಲಿಸುತ್ತೀರಿ?

ಇನ್ನು ನೀರು. ನನ್ನ ಪ್ರಕಾರ ಬಾಹ್ಯಾಕಾಶದ ಮೊದಲ ಅದಿರು ಪ್ಲಾಟಿನಂ ಅಲ್ಲ, ನೀರು. ಒಡೆದರೆ ಹೈಡ್ರೋಜನ್, ಆಕ್ಸಿಜನ್. ಅದೇ ರಾಕೆಟ್ ಇಂಧನ. ಭೂಮಿಯಿಂದ ಹೊತ್ತು ತರುವ ಖರ್ಚು ಉಳಿಯುತ್ತದೆ. ಸಿ ಗುಂಪಿನ ಕಲ್ಲುಗಳಲ್ಲಿ ಇದು ಮಂಜಾಗಿ ಅಲ್ಲ, ಹೆಚ್ಚಾಗಿ ಖನಿಜದ ಒಳಗೆ ಕಟ್ಟಿಕೊಂಡಿರುತ್ತದೆ. ಕೆಲವು ನೂರು ಡಿಗ್ರಿ ಕಾಯಿಸಿದರೆ ಬಿಡುತ್ತದೆ. ಇದರ ಗುರುತು 3 ಮೈಕ್ರಾನ್ ಹತ್ತಿರದ ತಗ್ಗು. ಕಷ್ಟ ಏನೆಂದರೆ, ನಮ್ಮ ಗಾಳಿಯ ತೇವವೂ ಅಲ್ಲೇ ಬೆಳಕು ನುಂಗುತ್ತದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಟೆಲಿಸ್ಕೋಪ್ ಇಟ್ಟು, ಅದನ್ನು ನಮ್ಮ ಹೊಸಕೋಟೆಯಿಂದ ನಡೆಸುತ್ತಾರೆ. ಆ ಜಾಗ ಆರಿಸಿದ್ದಕ್ಕೆ ಒಣ ಗಾಳಿಯೂ ಒಂದು ಕಾರಣ. ಆದರೆ ಈ ತಗ್ಗಿನ ನಡುಭಾಗ ಪೂರ್ತಿ ಕಾಣಬೇಕಾದರೆ ಗಾಳಿ ದಾಟಿ ಮೇಲೇ ಹೋಗಬೇಕು.

ಜಪಾನಿನ ಹಯಾಬುಸಾ-2 ಹಾಗೆ ಹೋಯಿತು. 2018ರಲ್ಲಿ ರ್ಯುಗು ಎಂಬ ಕಪ್ಪು ಕಲ್ಲಿನ ಹತ್ತಿರ ನಿಂತು ನೋಡಿತು. ನೀರಂಶದ ತಗ್ಗು ಕಂಡಿತು, ಆದರೆ ತೀರಾ ತೆಳುವಾಗಿ. ಬಹುಶಃ ಈ ಕಲ್ಲು ಹಿಂದೆ ಯಾವಾಗಲೋ ಕಾದು ಒಣಗಿದೆ ಎಂದುಕೊಂಡರು. 2020ರ ಡಿಸೆಂಬರ್ 6ರಂದು 5.4 ಗ್ರಾಂ ಪುಡಿ ಭೂಮಿಗೆ ಬಂತು. ಲ್ಯಾಬಿನಲ್ಲಿ ನೋಡಿದರೆ ಜೇಡಿ ಖನಿಜಗಳೇ ತುಂಬಿವೆ! ಒಣಗಿದ್ದು ಸಿಪ್ಪೆ ಮಾತ್ರ. ಸೂರ್ಯನಿಂದ ಬೀಸುವ ಕಣಗಳು, ಸಣ್ಣ ಧೂಳಿನ ಬಡಿತ, ಇವೆಲ್ಲ ಸೇರಿ ಮೇಲ್ಮೈಯ ನೀರಂಶ ಕಳೆದಿದ್ದವು. ಒಳಗಿನದು ಹಾಗೇ ಇತ್ತು.

ಹಾಗಾದರೆ ಅಂದುಕೊಂಡದ್ದಕ್ಕಿಂತ ನೀರು ಜಾಸ್ತಿ ಎಂದು ಖುಷಿಪಡೋಣವೇ? ತಾಳಿ. ರ್ಯುಗುವಿನ ಪುಡಿ ಸಿಐ ಎಂಬ ಅಪರೂಪದ ಉಲ್ಕಾಶಿಲೆ ಜಾತಿಗೆ ಹೊಂದಿತು. 1864ರಲ್ಲಿ ಫ್ರಾನ್ಸಿನ ಓರ್ಗೆಯ್‌ನಲ್ಲಿ ಬಿದ್ದದ್ದು ಈ ಜಾತಿಯದ್ದೇ. ಅಂಥ ಉಲ್ಕಾಶಿಲೆಯಲ್ಲಿ ಶೇ 20ರ ತನಕ ನೀರು ಎಂಬ ಅಂಕಿ ಹಳೆಯ ಗಣಿ ಯೋಜನೆಗಳಲ್ಲಿ ಓಡಾಡುತ್ತಿತ್ತು. ರ್ಯುಗುವಿನಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು ಶೇ 7. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೂರುವುದು ನೋಡಿದ್ದೀರಲ್ಲ? ಮ್ಯೂಸಿಯಂ ಕಪಾಟಿನಲ್ಲಿ ನೂರೈವತ್ತು ವರ್ಷ ಕೂತ ಕಲ್ಲು ನಮ್ಮ ಗಾಳಿಯ ತೇವವನ್ನು ಹಾಗೆ ಹೀರಿಕೊಂಡಿತ್ತು. ನೌಕೆಯ ಕಣ್ಣಿಗೆ ನೀರು ಕಡಿಮೆ ಕಂಡಿತು, ಉಲ್ಕಾಶಿಲೆಯ ಲೆಕ್ಕ ಜಾಸ್ತಿ ಹೇಳಿತು. ಸರಿ ಉತ್ತರ ಸಿಕ್ಕಿದ್ದು ಮುಚ್ಚಿದ ಡಬ್ಬಿಯಲ್ಲಿ ತಂದ 5.4 ಗ್ರಾಂನಲ್ಲಿ.

ಸಿಪ್ಪೆಯ ಮೋಸ ಎಸ್ ಗುಂಪಿನಲ್ಲೂ ಆಗಿತ್ತು. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಹೆಚ್ಚಿನವು ಸಾಧಾರಣ ಕಾಂಡ್ರೈಟ್ ಎಂಬ ಜಾತಿಯವು. ಆದರೆ ಅವುಗಳ ರೋಹಿತ ಎಸ್ ಗುಂಪಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಎಸ್ ಕಲ್ಲುಗಳು ಹೆಚ್ಚು ಕೆಂಪಗೆ, ಮಂಕಾಗಿ ಕಾಣುತ್ತಿದ್ದವು. ಇವು ಎಲ್ಲಿಂದ ಬರುತ್ತವೆ ಎಂದು ದಶಕಗಟ್ಟಲೆ ವಾದ ನಡೆಯಿತು. ಮೊದಲ ಹಯಾಬುಸಾ 2010ರಲ್ಲಿ ಇಟೊಕಾವಾದಿಂದ ತಂದ ಸಾವಿರದೈನೂರರಷ್ಟು ಧೂಳಿನ ಕಣಗಳು ವಾದ ಮುಗಿಸಿದವು. ಒಳಗೆ ಸಾಧಾರಣ ಕಾಂಡ್ರೈಟೇ. ಕಣದ ಹೊರಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಚುಕ್ಕಿಗಳು. ಬಣ್ಣ ಕೆಡಿಸಿದ್ದು ಅವು.

ಒಂದೇ ಜಾಗದಿಂದ ಮಾದರಿ ತೆಗೆದು ಇಡೀ ಗುಡ್ಡಕ್ಕೆ ಗ್ರೇಡ್ ಬರೆಯಬಾರದು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. 2008 ಟಿಸಿ3 ಎಂಬ ಕಲ್ಲಿನ ಕಥೆ ಅದನ್ನೇ ಹೇಳುತ್ತದೆ. 2008ರ ಅಕ್ಟೋಬರ್ 6ರಂದು ಅದು ಕಣ್ಣಿಗೆ ಬಿತ್ತು. ಒಂದು ದಿನದೊಳಗೆ ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು. ನಡುವಿನ ಕೆಲವೇ ಗಂಟೆಗಳಲ್ಲಿ ಅದರ ರೋಹಿತವನ್ನೂ ತೆಗೆದಿದ್ದರು. ಆಮೇಲೆ ಖಾರ್ಟೂಮ್ ವಿಶ್ವವಿದ್ಯಾಲಯದ ಮುಆವಿಯಾ ಶದ್ದಾದ್ ಮತ್ತು ಪೀಟರ್ ಜೆನಿಸ್ಕೆನ್ಸ್ ವಿದ್ಯಾರ್ಥಿಗಳನ್ನು ಸಾಲಾಗಿ ನಡೆಸಿಕೊಂಡು ಹೋಗಿ ಮರಳಲ್ಲಿ ತುಂಡು ಹೆಕ್ಕಿದರು. ಸಿಕ್ಕಿದ ತುಂಡುಗಳಲ್ಲಿ ಹೆಚ್ಚಿನವು ಯುರೇಲೈಟ್ ಎಂಬ ಜಾತಿ. ಆದರೆ ಅವುಗಳ ನಡುವೆ ಪೂರ್ತಿ ಬೇರೆ ಬೇರೆ ಜಾತಿಯ ಕಾಂಡ್ರೈಟ್‌ಗಳೂ ಇದ್ದವು. ಆ ಕ್ಷುದ್ರಗ್ರಹದ ಅಗಲ ಸುಮಾರು ನಾಲ್ಕೇ ಮೀಟರ್! ಒಂದು ಕೋಣೆಯಷ್ಟು ಕಲ್ಲಿನಲ್ಲೇ ಇಷ್ಟು ಬೆರಕೆ ಇದ್ದರೆ ಅರ್ಧ ಕಿಲೋಮೀಟರಿನದಕ್ಕೆ ಒಂದೇ ಅಕ್ಷರದ ಹೆಸರು ಎಷ್ಟು ಸಾಲುತ್ತದೆ?

ಧೂಮಕೇತುಗಳ ಕೆಲಸ ಒಂದು ರೀತಿಯಲ್ಲಿ ಸುಲಭ. ಸೂರ್ಯನ ಹತ್ತಿರ ಬಂದಾಗ ಅವೇ ಆವಿ ಬಿಟ್ಟು ಒಳಗಿನದನ್ನು ಹೊರಗೆ ಹರಡುತ್ತವೆ. ಒಂದೊಂದು ಅಣುವೂ ತನ್ನದೇ ಬಣ್ಣದಲ್ಲಿ ಹೊಳೆಯುತ್ತದೆ. ತಲೆಯ ಸುತ್ತ ಕಾಣುವ ಹಸಿರು, ಜೋಡಿ ಇಂಗಾಲದ ಅಣುವಿನದು. ನೀರು ಬಿಸಿಲಿಗೆ ಒಡೆದಾಗ ಉಳಿಯುವ ತುಣುಕು 308 ನ್ಯಾನೋಮೀಟರ್ ಹತ್ತಿರ ಹೊಳೆಯುತ್ತದೆ. ಅದನ್ನು ಎಣಿಸಿದರೆ ಸೆಕೆಂಡಿಗೆ ಎಷ್ಟು ನೀರು ಹೋಗುತ್ತಿದೆ ಎಂದು ತಿಳಿಯುತ್ತದೆ. ಆದರೆ ಪಾತ್ರೆಯಿಂದ ಏಳುವ ಹಬೆಯ ವಾಸನೆ ನೋಡಿ ತಳದಲ್ಲಿ ಏನೇನು ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ಬೇಗ ಆವಿಯಾಗುವುದು ಮೊದಲು ಬರುತ್ತದೆ, ಕಲ್ಲು ಬರುವುದೇ ಇಲ್ಲ. ರೊಸೆಟ್ಟಾ 67ಪಿ ಧೂಮಕೇತುವಿನ ಜೊತೆ ಎರಡು ವರ್ಷ ಇತ್ತು. ಸಾಂದ್ರತೆ 0.53 ಎಂದು ಅಳೆಯಿತು. ನೀರಿನ ಮೇಲೆ ತೇಲುವಷ್ಟು ಹಗುರ. ಮೇಲ್ಮೈ ಮಾತ್ರ ಇದ್ದಿಲು ಕಪ್ಪು, ಮಂಜು ಅಲ್ಲಲ್ಲಿ ಮಾತ್ರ. 2014ರ ನವೆಂಬರ್ 12ರಂದು ಇಳಿದ ಫಿಲೆ, ಅಂದರೆ ರೊಸೆಟ್ಟಾ ಹೊತ್ತು ತಂದಿದ್ದ ಪುಟ್ಟ ಯಂತ್ರ, ಪುಟಿದು ಹೋಗಿ ಇನ್ನೊಂದು ಕಡೆ ನಿಂತಾಗ, ಅದರ ಸುತ್ತಿಗೆಗೆ ಆ ನೆಲ ಜಗ್ಗಲಿಲ್ಲ. ಒಟ್ಟಾರೆ ಟೊಳ್ಳು, ಅಲ್ಲಲ್ಲಿ ಗಟ್ಟಿ. ಮಂಜು ಎಷ್ಟು, ಧೂಳು ಎಷ್ಟು ಎಂಬ ಲೆಕ್ಕದಲ್ಲಿ ಇಷ್ಟೆಲ್ಲ ಆದಮೇಲೂ ಒಮ್ಮತ ಬಂದಿಲ್ಲ. ಮೇಲಾಗಿ ಧೂಮಕೇತುಗಳ ವೇಗ ಜಾಸ್ತಿ, ಹಿಡಿಯುವುದು ಕಷ್ಟ. ರೊಸೆಟ್ಟಾಗೆ ತಲುಪಲು ಹತ್ತು ವರ್ಷ ಹಿಡಿಯಿತು. ಗಣಿಯ ದೃಷ್ಟಿಯಿಂದ ನಾನು ಅವನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ.

ಪ್ಲಾಟಿನಂ ಆಸೆಯ ಬಗ್ಗೆಯೂ ಒಂದು ಮಾತು. ಟನ್ನಿಗೆ ಕೆಲವು ಗ್ರಾಂ ಇರುವ ಲೋಹವನ್ನು ಯಾವ ಟೆಲಿಸ್ಕೋಪೂ ನೋಡಲಾರದು. ಉಲ್ಕಾಶಿಲೆಯಲ್ಲಿ ಅಳೆದು, ಆ ಕ್ಷುದ್ರಗ್ರಹವೂ ಅದೇ ಜಾತಿ ಎಂದು ನಂಬಿ ಹೇಳುವುದಷ್ಟೆ. ಸಾಮಾನ್ಯ ಕಲ್ಲಿನ ಉಲ್ಕಾಶಿಲೆಯಲ್ಲಿ ಟನ್ನಿಗೆ ಒಂದು ಗ್ರಾಂನ ಆಸುಪಾಸು ಪ್ಲಾಟಿನಂ ಇರುತ್ತದೆ. ದಕ್ಷಿಣ ಆಫ್ರಿಕಾದ ಬುಶ್‌ವೆಲ್ಡ್ ಗಣಿಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳು ಒಟ್ಟು ಸೇರಿ ಟನ್ನಿಗೆ ಮೂರರಿಂದ ಆರು ಗ್ರಾಂ ಸಿಗುತ್ತವೆ. ಕೆಲವು ಕಬ್ಬಿಣದ ಉಲ್ಕಾಶಿಲೆಗಳಲ್ಲಿ ಹತ್ತಾರು ಗ್ರಾಂ ಇರುವುದು ನಿಜ. ಆದರೆ ಅದು ಕಲಸಿಹೋಗಿರುವುದು ಒಂದು ಟನ್ ಗಟ್ಟಿ ನಿಕಲ್-ಕಬ್ಬಿಣದಲ್ಲಿ. ಬೆನ್ನುವಿನಿಂದ 121.6 ಗ್ರಾಂ ತರಲು ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಅದು ವಿಜ್ಞಾನಕ್ಕೆ ಮಾಡಿದ ಖರ್ಚು, ಪೂರ್ತಿ ಸಾರ್ಥಕ ಎಂದೇ ನಾನು ನಂಬಿದ್ದೇನೆ. ಆದರೆ ವ್ಯಾಪಾರದ ಲೆಕ್ಕ ಹಾಕುವವರು ಈ ಅಂಕಿಯನ್ನು ಎದುರಿಗಿಟ್ಟುಕೊಳ್ಳಬೇಕು. ಖಾಸಗಿ ಕಂಪನಿಯೊಂದು 2025ರ ಫೆಬ್ರುವರಿಯಲ್ಲಿ ಓಡಿನ್ ಎಂಬ ಪುಟ್ಟ ನೌಕೆಯನ್ನು 2022 ಒಬಿ5 ಎಂಬ ಸಣ್ಣ ಕ್ಷುದ್ರಗ್ರಹದ ಕಡೆ ಕಳಿಸಿತು. ಅದು ಲೋಹದ್ದೇ ಹೌದೋ ಎಂದು ಹತ್ತಿರದಿಂದ ನೋಡುವ ಉದ್ದೇಶ. ಸಂಪರ್ಕ ಕಡಿದುಹೋಯಿತು. ಆದರೂ ಅಗೆಯುವ ಮೊದಲು ನೋಡಿ ಬರೋಣ ಎಂಬ ಕ್ರಮ ಸರಿಯಾದದ್ದೇ.

ಕೊನೆಗೆ ನಿಮ್ಮ ಕೆಲಸದ ಪ್ರಶ್ನೆ. ಜಾಗ ಖಂಡಿತ ಇದೆ. ಈ ಕ್ಷೇತ್ರದಲ್ಲಿ ಟೆಲಿಸ್ಕೋಪ್ ಗೊತ್ತಿರುವವರು ಬೇಕಾದಷ್ಟಿದ್ದಾರೆ. ಮಾದರಿ ಹೇಗೆ ತೆಗೆಯಬೇಕು, ಹೇಗೆ ಪಾಲು ಮಾಡಬೇಕು, ಎಲ್ಲಿ ಕಲಬೆರಕೆ ಆಗುತ್ತದೆ ಎಂದು ಕೈಯಲ್ಲೇ ಕಲಿತವರು ಕಡಿಮೆ. ಹಯಾಬುಸಾ-2 ತಂಡ ಏನು ಮಾಡಿತು ನೋಡಿ. 2019ರ ಏಪ್ರಿಲ್‌ನಲ್ಲಿ ಎರಡು ಕಿಲೋ ತಾಮ್ರದ ಗುಂಡನ್ನು ಸೆಕೆಂಡಿಗೆ ಎರಡು ಕಿಲೋಮೀಟರ್ ವೇಗದಲ್ಲಿ ರ್ಯುಗುವಿಗೆ ಹೊಡೆದರು. ಹತ್ತು ಮೀಟರಿಗೂ ಅಗಲವಾದ ಗುಂಡಿ ಬಿತ್ತು. ಜುಲೈನಲ್ಲಿ ಆ ಗುಂಡಿಯ ಹತ್ತಿರ ಇಳಿದು, ಒಳಗಿನಿಂದ ಚಿಮ್ಮಿ ಬಿದ್ದ ಪುಡಿಯನ್ನು ಎತ್ತಿಕೊಂಡರು. ಮೊದಲ ಸಲ ಮೇಲ್ಮೈಯಿಂದ ತೆಗೆದದ್ದು "ಎ" ಡಬ್ಬಿಯಲ್ಲಿ, ಇದು "ಸಿ" ಡಬ್ಬಿಯಲ್ಲಿ. ಎರಡೂ ಬೆರೆಯದಂತೆ ಬೇರೆ ಬೇರೆ ಮುಚ್ಚಿ ತಂದರು. ತಾಮ್ರ ಆರಿಸಿದ್ದಕ್ಕೂ ಕಾರಣ ಇತ್ತು. ಗುಂಡಿನ ಚೂರು ಬೆರೆತರೂ ಅದು ರ್ಯುಗುವಿನದ್ದಲ್ಲ ಎಂದು ಲ್ಯಾಬಿನಲ್ಲಿ ಸುಲಭವಾಗಿ ಗೊತ್ತಾಗಬೇಕು ಎಂದು. ಮಾದರಿ ಚೀಲಕ್ಕೆ ಚೀಟಿ ಅಂಟಿಸುವ ನಿಮಗೆ ಈ ಎಚ್ಚರ ಎಲ್ಲಿಂದ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.